ಹಡಗಿನ ಹೆಲಿಕಾಪ್ಟರಿಗೊಂದು ತಾಡಪತ್ರಿ

ಬಳ್ಳಾರಿ

ಪರದೇಶಕ್ಕೆ ಹೋಗಿ ಬಂದವರು ಆ ದೇಶ ಹೇಗಿತ್ತು ಎಂದು ಬರೆಯುತ್ತಾರೆ. ನಾನು ಮೊದಲು ನನ್ನ ಹೊಟ್ಟೆ ಹೇಗಿತ್ತು ಎಂದು ಹೇಳಿಬಿಡುತ್ತೇನೆ. ಉರಿಯುತ್ತಿತ್ತು. ಬಳ್ಳಾರಿ ಬಿಡುವಾಗಲೂ ಉರಿಯುತ್ತಿತ್ತು, ಸ್ವೀಡನ್ನಿನ ಚಳಿಯಲ್ಲೂ ಉರಿಯುತ್ತಿತ್ತು. ವಿಮಾನದಲ್ಲಿ ಕೊಟ್ಟ ಊಟದ ಮೇಲೆ ಅದನ್ನು ಹೊರಿಸುವ ಹಾಗಿಲ್ಲ.

ಕಾರಣ ಖಾಸಿಂ. ಅವನು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯವನು, ನಾನು ಕುರುಗೋಡಿನವನು. ಮೀಸೆ ಬರುವ ಮುಂಚೆ ಇಬ್ಬರೂ ಬಳ್ಳಾರಿಗೆ ಬಂದು ಒಬ್ಬರೇ ಉಸ್ತಾದರ ಹತ್ತಿರ ತಾಡಪತ್ರಿ ಹೊಲಿಯುವುದನ್ನು ಕಲಿತೆವು. ಆಮೇಲೆ ಸಿರುಗುಪ್ಪ ರಸ್ತೆಯಲ್ಲಿ ಜೊತೆಯಾಗಿ ಅಂಗಡಿ ಹಾಕಿದೆವು. ಅಷ್ಟರಲ್ಲಿ ಗಣಿಯ ಅಬ್ಬರ ಶುರುವಾಯಿತು. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಹೊರಟವು, ಪ್ರತಿ ಲಾರಿಗೂ ಮೇಲೊಂದು ಹೊದಿಕೆ ಬೇಕಾಯಿತು. ನಮಗೆ ಊಟಕ್ಕೆ ಪುರುಸೊತ್ತಿರಲಿಲ್ಲ. ಊಟಕ್ಕೆ ಕೂತರೂ ಅನ್ನದ ಮೇಲೆ ಕೆಂಪು ಧೂಳು ಕೂರುತ್ತಿತ್ತು.

ಆ ಕಾಲದಲ್ಲೇ ಅದಿರು ಪುಡಿ ಮಾಡುವ ಯಂತ್ರ ಕೂಡಿಸಲು ಸ್ವೀಡನ್ನಿನಿಂದ ಲಾರ್ಸ್ ಎಂಬ ಇಂಜಿನಿಯರ್ ಬಂದಿದ್ದ. ಯಂತ್ರಕ್ಕೊಂದು ಹೊದಿಕೆ ಹೊಲಿಸಲು ನಮ್ಮ ಅಂಗಡಿಗೆ ಬಂದವನು ಮೂರು ದಿನ ಸ್ಟೂಲಿನ ಮೇಲೆ ಕೂತು ನಮ್ಮ ಕೈಗಳನ್ನೇ ನೋಡಿದ. ಅವನ ಅಕ್ಕ ಅಲ್ಲಿ ಹಡಗಿನ ಹಾಯಿ ಹೊಲಿಯುವ ಕಾರ್ಖಾನೆ ನಡೆಸುತ್ತಾಳಂತೆ, ಕೈಹೊಲಿಗೆ ಬಲ್ಲವರು ಅಲ್ಲಿ ಸಿಗುತ್ತಿಲ್ಲವಂತೆ, ಬರುತ್ತೀಯಾ ಎಂದು ಅವನ ಜೊತೆಗಿದ್ದ ದುಭಾಷಿ ಕೇಳಿದ. ಕೇಳಿದ್ದು ನನ್ನನ್ನು. ನಾನು ನಕ್ಕೆ. ಇಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಅಲ್ಲಿಗೆ ಹೋಗಿ ದೋಣಿಗೆ ತೇಪೆ ಹಾಕಲೇ ಎಂದೆ. ಮೂಲೆಯಲ್ಲಿ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ ಖಾಸಿಂ ತಲೆ ಎತ್ತದೆಯೇ, "ನಾ ಬರ್ತೀನ್ರಿ" ಎಂದ.

ಆ ಮೇಲೆ ಮೂರು ವರ್ಷ ನಾನು ಊರಿಗೆಲ್ಲ ಹೇಳಿದ ಕಥೆ ಬೇರೆ. ಖಾಸಿಂ ಹಿಂಬಾಗಿಲಿನಿಂದ ಕೆಲಸ ಹೊಡೆದುಕೊಂಡ ಎಂದೇ ಹೇಳಿದ್ದೆ. ಇಲ್ಲಿ ಮಾತ್ರ ನಿಜ ಬರೆದಿದ್ದೇನೆ.

ಅವನ ಫೋಟೋ ಒಂದು ಬಂತು. ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ಹಡಗಿನ ಮೇಲೆ ನಿಂತಿದ್ದಾನೆ, ಪಕ್ಕದಲ್ಲಿ ಒಂದು ಚಿಕ್ಕ ಹೆಲಿಕಾಪ್ಟರು. ಆಗ ಬಳ್ಳಾರಿಯ ಮೇಲೆ ಗಣಿ ಸಾಹುಕಾರರ ಹೆಲಿಕಾಪ್ಟರು ಹಾರಿದರೆ ನಾವೆಲ್ಲ ಸೂಜಿ ಬಿಟ್ಟು ಹೊರಗೆ ಓಡಿ ಬಂದು ನೋಡುತ್ತಿದ್ದೆವು. ನಾವು ಕತ್ತು ನೋಯಿಸಿಕೊಂಡು ನೋಡುವ ವಸ್ತುವನ್ನು ಅವನು ಮುಟ್ಟಿ, ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ. ಆ ಫೋಟೋವನ್ನು ಹರಿದು ಬಿಸಾಡಬೇಕೆಂದು ಎಷ್ಟೋ ಸಲ ಅನ್ನಿಸಿತು. ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡೆ.

ಒಂದು ದಿನ ಅವನದೇ ಫೋನು. "ಲೇ ಗಾದಿಲಿಂಗ, ಇಲ್ಲಿ ಇನ್ನೊಬ್ಬ ಬೇಕಾಗ್ಯಾನ. ಮೂರು ವಾರ ಬಂದು ಕೈ ತೋರಿಸಿ ಹೋಗು. ಲಾರ್ಸನ ಅಕ್ಕ ಇಂಗ್ರಿಡ್ ಪತ್ರ ಕಳಸ್ತಾಳ, ಟಿಕೀಟೂ ಅವರದ."

"ವಿಚಾರ ಮಾಡ್ತೀನಿ" ಎಂದು ಬಿಗಿಯಾಗಿ ಹೇಳಿ ಫೋನಿಟ್ಟೆ. ಹೆಂಡತಿ ಈರಮ್ಮ ಕೇಳಿಸಿಕೊಂಡಿದ್ದಳು. "ಹೋಗಿ ಬರ್ರಿ. ದಿನಾ ನೋಡಿ ನೋಡಿ ಆ ಫೋಟೋದ ಬಣ್ಣಾ ಹೋಗೈತಿ" ಎಂದಳು.

ಕೋಪನ್‌ಹೇಗನ್

ವಿಮಾನ ಇಳಿದದ್ದು ಡೆನ್ಮಾರ್ಕಿನಲ್ಲಿ. ಸುಂಕದವರು ನನ್ನ ಚೀಲ ಬಿಚ್ಚಿಸಿದರು. ನಾಲ್ಕು ಉದ್ದದ ದಬ್ಬಳ, ಜೇನುಮೇಣದ ಉಂಡೆ, ಸೂಜಿ ಡಬ್ಬಿ, ಅಂಗೈಗೆ ಕಟ್ಟಿಕೊಳ್ಳುವ ತೊಗಲು, ಎರಡು ಕಿಲೋ ಜೋಳದ ಹಿಟ್ಟು ಮೇಜಿನ ಮೇಲೆ ಸಾಲಾಗಿ ಕೂತವು. ನನಗೆ ಭಾಷೆ ಬಾರದು. ಗಾಳಿಯಲ್ಲಿ ಹೊಲಿದು ತೋರಿಸಿದೆ. ಜೋಳದ ಹಿಟ್ಟಿಗೆ ರೊಟ್ಟಿ ಬಡಿದೂ ತೋರಿಸಿದೆ. ನಮ್ಮ ಬಳ್ಳಾರಿ ಸ್ಟೇಷನ್ನಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಸುತ್ತ ನಲವತ್ತು ಜನ ಸೇರಿ, ಅದರಲ್ಲಿ ಹತ್ತು ಜನ ನನ್ನ ಪರ, ಹತ್ತು ಜನ ಪೊಲೀಸರ ಪರ ವಾದಿಸುತ್ತಿದ್ದರು. ಇಲ್ಲಿ ಹಿಂದೆ ನಿಂತವರು ಕತ್ತು ಕೂಡ ಚಾಚಲಿಲ್ಲ. ಇನ್ನೊಬ್ಬರ ಚೀಲದೊಳಗೆ ಏನಿದೆ ಎಂದು ತಿಳಿಯುವ ಆಸೆಯೇ ಇಲ್ಲದವರನ್ನು ನಾನು ಮೊದಲ ಸಲ ನೋಡಿದ್ದು. ನನಗಂತೂ ಪಕ್ಕದ ಮೇಜಿನ ಮುದುಕನ ಪೆಟ್ಟಿಗೆಯಲ್ಲಿ ಏನಿತ್ತೆಂದು ಪೂರ್ತಿ ಗೊತ್ತಾಗಿತ್ತು.

ರೈಲಿನಲ್ಲಿ ಇನ್ನೊಂದು ಎಡವಟ್ಟು. ಆ ರೈಲು ದಾರಿಯಲ್ಲಿ ಎರಡು ಹೋಳಾಗಿ, ಹಿಂದಿನ ಅರ್ಧ ಬೇರೆ ಊರಿಗೆ ಹೋಗುತ್ತದಂತೆ. ನಮ್ಮ ಗುಂತಕಲ್ಲಿನಲ್ಲಿ ಡಬ್ಬಿ ಕಳಚುವ ಹಾಗೇ. ನಾನು ಹಿಂದಿನ ಅರ್ಧದಲ್ಲಿ ಹಾಯಾಗಿ ಕಾಲು ಚಾಚಿದ್ದೆ. ಎದುರಿಗೆ ಕೂತ ಅಜ್ಜಿ ನನ್ನ ಟಿಕೀಟು ನೋಡಿ, ಒಂದು ಮಾತೂ ಆಡದೆ ನನ್ನ ತೋಳು ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಡೆಸಿಕೊಂಡು ಹೋಗಿ ಮುಂದಿನ ಡಬ್ಬಿಯಲ್ಲಿ ಕೂಡಿಸಿ ಬಂದಳು. ಇಂಥ ಜನರ ನಡುವೆ ಖಾಸಿಂ ಮೂರು ವರ್ಷದಿಂದ ಸುಖವಾಗಿದ್ದಾನಲ್ಲ ಎಂದು ನೆನೆದು ದಾರಿಯುದ್ದಕ್ಕೂ ಸಂಕಟಪಟ್ಟೆ.

ಕಾರ್ಲ್ಸ್‌ಕ್ರೋನಾ

ಊರಿನ ಹೆಸರು ಕಾರ್ಲ್ಸ್‌ಕ್ರೋನಾ. ಸಮುದ್ರದೊಳಗಿನ ಹತ್ತಾರು ನಡುಗಡ್ಡೆಗಳ ಮೇಲೆ ಕಟ್ಟಿದ್ದು, ಎಷ್ಟೋ ಕಾಲದಿಂದ ನೌಕಾಪಡೆಯ ಊರು. ಸ್ಟೇಷನ್ನಿನಲ್ಲಿ ಖಾಸಿಂ ಸೈಕಲ್ ಹಿಡಿದು ನಿಂತಿದ್ದ. ಮೈ ತುಂಬಿಕೊಂಡಿದ್ದ. ಕೆಮ್ಮು ಹೋಗಿತ್ತು. ಬಳ್ಳಾರಿಯಲ್ಲಿ ನಾವಿಬ್ಬರೂ ಒಂದೇ ತಾಳದಲ್ಲಿ ಕೆಮ್ಮುತ್ತಿದ್ದವರು, ಈಗ ನಾನೊಬ್ಬನೇ ಕೆಮ್ಮಿದೆ.

"ಹೆಂಗದೀಯಲೇ?" ಎಂದು ಪಿಸುಗುಟ್ಟಿದ.

"ಯಾಕಲೇ, ಕೋಳಿ ಕದ್ದಂವನಂಗ ಮಾತಾಡ್ತೀ?"

"ಇಲ್ಲಿ ಎಲ್ಲಾರೂ ಹಿಂಗ ಮಾತಾಡ್ತಾರಪಾ. ಜೋರು ಮಾತಾಡಿದ್ರ ಏನೋ ಆಗೈತಿ ಅಂತ ಓಡಿ ಬರ್ತಾರ."

ರಸ್ತೆ ದಾಟುವಾಗ ಕೆಂಪು ದೀಪ ನೋಡಿ ನಿಂತುಬಿಟ್ಟ. ಎರಡೂ ಕಡೆ ಒಂದು ನಾಯಿಯೂ ಇಲ್ಲ. ಸಿರುಗುಪ್ಪ ರಸ್ತೆಯಲ್ಲಿ ಎರಡು ಅದಿರು ಲಾರಿಗಳ ನಡುವೆ ಚಹಾದ ಲೋಟ ಚೆಲ್ಲದ ಹಾಗೆ ದಾಟುತ್ತಿದ್ದವನು ಖಾಲಿ ರಸ್ತೆಯ ಮುಂದೆ ಕೈಕಟ್ಟಿ ನಿಂತಿದ್ದ. ನಾನು ಗೇಲಿ ಮಾಡಿದೆ. ಒಳಗೊಳಗೇ ಅವನ ಆ ಸಮಾಧಾನವೂ ನನಗೆ ಬೇಕಿತ್ತು.

ಬಂದರಿನ ಬದಿ ಸಾಲಾಗಿ ಹಡಗುಗಳು ನಿಂತಿದ್ದವು. ಬೂದುಬಣ್ಣದ ಕಬ್ಬಿಣದ ಗೋಡೆಗಳು, ಒಂದು ಚೂರು ತುಕ್ಕಿಲ್ಲ. ನಮ್ಮ ಕಡೆ ಕಬ್ಬಿಣ ಮಣ್ಣಾಗಿ ಲಾರಿ ಹತ್ತಿ ಹೋಗುವುದನ್ನಷ್ಟೇ ನೋಡಿದವನು ನಾನು. ಹೋದ ಮಣ್ಣು ಏನಾಗುತ್ತದೆ ಎಂದು ಯೋಚಿಸಿರಲೇ ಇಲ್ಲ. ಇಲ್ಲಿ ಅದು ಇಷ್ಟು ಚೆಂದವಾಗಿ ನೀರಿನ ಮೇಲೆ ನಿಂತಿದ್ದು ನೋಡಿ ಕೋಪವೇ ಬಂತು.

ಮನೆಯಲ್ಲಿ ಖಾಸಿಂ ಜೋಳದ ಹಿಟ್ಟಿನ ಚೀಲ ಬಿಚ್ಚಿ, ಮುಖ ಅದರೊಳಗೆ ಇಟ್ಟು ಸುಮಾರು ಹೊತ್ತು ಹಾಗೇ ಕೂತ. ರೊಟ್ಟಿ ತಿನ್ನುತ್ತಾ ವಿಷಯ ಹೇಳಿದ. ಹೆಲಿಕಾಪ್ಟರಿಗೆ ಅವನು ಹೊಲಿದ ಹೊದಿಕೆಯನ್ನು ಇನ್ನು ಹತ್ತು ದಿನಕ್ಕೆ ಹಡಗಿನ ಮೇಲೆ ಪರೀಕ್ಷೆ ಮಾಡುತ್ತಾರೆ, ನೌಕಾಪಡೆಯವರು ಬಂದು ನೋಡುತ್ತಾರೆ.

"ಪಾಸಾದ್ರ ಇಲ್ಲಿ ಕೆಲಸ ಮಾಡೂ ನನ್ನ ಕಾಗದ ಇನ್ನ ಎರಡು ವರ್ಷ ಮುಂದಕ ಹೋಗ್ತೈತಿ, ನಿನಗೂ ಒಂದು ಜಾಗ ಆಗ್ತೈತಿ. ಫೇಲಾದ್ರ ಇಬ್ಬರೂ ಒಂದ ವಿಮಾನದಾಗ ಬಳ್ಳಾರಿಗಿ ಹೋಗಾಕ ತಯಾರಾಗೂದು."

ಎರಡನೆಯ ಮಾತು ಕೇಳಿದಾಗ ನನಗೊಂದು ಖುಷಿಯಾಯಿತು. ನನಗೆ ಸಿಗದಿದ್ದರೂ ಚಿಂತೆಯಿಲ್ಲ, ಇವನೂ ವಾಪಸ್ ಬಂದು ನನ್ನ ಪಕ್ಕ ಕೂತು ಧೂಳು ಕುಡಿಯಲಿ ಎನ್ನಿಸಿತು. ನಾಚಿಕೆಗೇಡಿನ ಮಾತು, ಆದರೆ ಅನ್ನಿಸಿದ್ದು ಅದೇ.

ಹಾಯಿ ಹೊಲಿಯುವ ಮನೆ

ಕಾರ್ಖಾನೆ ಎಂದರೆ ಒಂದು ದೊಡ್ಡ ಮರದ ಅಟ್ಟ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ನೆಲದ ಮೇಲೆ ಕೂತು ಹೊಲಿಯಬೇಕು. ಇದೊಂದರಲ್ಲಿ ಮಾತ್ರ ಅವರು ನಮಗಿಂತ ಮುಂದಿರಲಿಲ್ಲ. ಯಜಮಾನಿ ಇಂಗ್ರಿಡ್, ಲಾರ್ಸನ ಅಕ್ಕ, ಅರವತ್ತರ ಹತ್ತಿರದ ಎತ್ತರದ ಹೆಂಗಸು. ನನ್ನ ಕೈ ಹಿಡಿದು ಕುಲುಕುವ ಬದಲು ಅಂಗೈ ಮೇಲೆ ಮಾಡಿ, ದಬ್ಬಳ ಒತ್ತಿ ಒತ್ತಿ ಗಟ್ಟಿಯಾದ ಜಾಗವನ್ನು ಹೆಬ್ಬೆರಳಿನಿಂದ ತಡವಿ ನೋಡಿದಳು. ಅವಳ ಅಂಗೈಯಲ್ಲೂ ಅದೇ ಜಾಗದಲ್ಲಿ ಅದೇ ಗಂಟು. ದಿನಕ್ಕೆರಡು ಸಲ ಗಂಟೆ ಹೊಡೆದಂತೆ ಎಲ್ಲರೂ ಕೆಲಸ ನಿಲ್ಲಿಸಿ ಕಾಫಿಗೆ ಕೂರುತ್ತಾರೆ. ಯಜಮಾನಿಯೂ ಕಸ ಗುಡಿಸುವವನೂ ಒಂದೇ ಮೇಜು. ಆದರೆ ಆ ಮೇಜಿನಲ್ಲಿ ಮಾತೇ ಇಲ್ಲ. ಚಾಡಿಯಿಲ್ಲದೆ ಕಾಫಿ ಹೇಗೆ ಇಳಿಯುತ್ತದೆಂದು ನನಗೆ ಕೊನೆವರೆಗೂ ತಿಳಿಯಲಿಲ್ಲ.

ಮೂಲೆಯಲ್ಲಿ ಹೆಲಿಕಾಪ್ಟರಿನ ಮರದ ಮಾದರಿ ಇತ್ತು. ಉದ್ದ ಒಂದು ಟೆಂಪೋದಷ್ಟು, ಎತ್ತರ ಎಮ್ಮೆಯಷ್ಟು. ಅದಕ್ಕೆ ಪೈಲಟ್ ಇಲ್ಲ, ಕೂರುವ ಜಾಗವೇ ಇಲ್ಲ. ಖಾಸಿಂ ಹೆಮ್ಮೆಯಿಂದ ವಿವರಿಸಿದ. ಹಡಗಿನ ಕಣ್ಣಿಗೆ ಕಾಣದಷ್ಟು ದೂರ ಇದು ಮುಂದೆ ಹಾರಿ ಹೋಗಿ, ಸಮುದ್ರದ ಮೇಲೆ ಯಾರು ಬರುತ್ತಿದ್ದಾರೆಂದು ಕ್ಯಾಮರಾದಲ್ಲಿ ನೋಡಿ ತಿಳಿಸುತ್ತದೆ. ಇನ್ನು ಮುಂದೆ ತಯಾರಾಗುವ ದೊಡ್ಡ ಹೆಲಿಕಾಪ್ಟರು ನೀರಿನೊಳಗೆ ಕಿವಿಯಂಥ ಯಂತ್ರವನ್ನು ಹಗ್ಗದಲ್ಲಿ ಇಳಿಬಿಟ್ಟು, ತಳದಲ್ಲಿ ಅವಿತ ಜಲಾಂತರ್ಗಾಮಿಯ ಸದ್ದು ಕೇಳುತ್ತದಂತೆ. ಕಷ್ಟವಿರುವುದು ಹಾರುವುದರಲ್ಲಲ್ಲ, ಇಳಿಯುವುದರಲ್ಲಿ. ನೆಲ ನಿಂತಿರುತ್ತದೆ, ಹಡಗು ಏಳುತ್ತದೆ, ಬೀಳುತ್ತದೆ, ವಾಲುತ್ತದೆ. ಈ ಯಂತ್ರ ಮೇಲೆ ನಿಂತು ಹಡಗಿನ ಹೊಯ್ದಾಟವನ್ನು ತಾನೇ ಅಳೆದು, ಸಮಕ್ಕೆ ಬರುವ ಗಳಿಗೆ ಕಾದು ಇಳಿಯುತ್ತದೆ. ಇಳಿದ ಕೂಡಲೇ ಹೊಟ್ಟೆಯಿಂದ ಒಂದು ಕೊಕ್ಕೆ ಹೊರಬಂದು ಹಡಗಿನ ನೆಲದಲ್ಲಿರುವ ಜೇನುಹುಟ್ಟಿನಂಥ ಜಾಲರಿಯನ್ನು ಕಚ್ಚಿ ಹಿಡಿಯುತ್ತದೆ.

"ಇಷ್ಟೆಲ್ಲಾ ಶಾಣ್ಯಾತನ ಐತಿ, ಆದ್ರ ಉಪ್ಪಿನ ನೀರು ಬಿದ್ರ ಮೂರು ದಿನಕ್ಕ ಕೆಡತೈತಿ" ಎಂದ ಖಾಸಿಂ. "ಅದಕ್ಕ ಹೊದಿಕಿ ಬೇಕು. ಹೊದಿಕಿ ಹಾಕೂದು ಯಾರಿಗ್ಯಾದ್ರೂ ಬರ್ತೈತಿ. ದಪ್ಪ ಕೈಗವಸು ಹಾಕ್ಕಂಡು, ಗಾಳ್ಯಾಗ, ಮೂವತ್ತು ಎಣಿಸೂದ್ರೊಳಗ ತೆಗೀಬೇಕು."

ಇಂಜಿನಿಯರುಗಳು ಜಿಪ್ ಹಾಕಿದ್ದರಂತೆ, ಉಪ್ಪು ಕಟ್ಟಿ ಹಿಡಿದುಕೊಂಡಿತು. ಕೊಂಡಿ ಹಾಕಿದ್ದರಂತೆ, ಗಾಳಿಗೆ ಬಡಿದು ಯಂತ್ರಕ್ಕೆ ಗೀರು ಬಿತ್ತು. ಆಗ ಖಾಸಿಂ ಅವರಿಗೆ ನಮ್ಮ ಸರಪಳಿ ಕುಣಿಕೆ ತೋರಿಸಿದ. ಲಾರಿಯ ತಾಡಪತ್ರಿಯ ಅಂಚಿಗೆ ಹಗ್ಗದ ಕುಣಿಕೆಗಳನ್ನು ಹೊಲಿದು, ಒಂದರೊಳಗೆ ಇನ್ನೊಂದನ್ನು ತೂರಿಸುತ್ತಾ ಹೋಗುವುದು. ಪ್ರತಿ ಕುಣಿಕೆಯೂ ಹಿಂದಿನದನ್ನು ಹಿಡಿದಿರುತ್ತದೆ. ಕೊನೆಯದನ್ನು ಒಮ್ಮೆ ಎಳೆದರೆ ಇಡೀ ಸಾಲು ಸರ್ರನೆ ಬಿಚ್ಚಿಕೊಳ್ಳುತ್ತದೆ. ನಮ್ಮ ಕಡೆ ಯಾವ ಕ್ಲೀನರಿಗಾದರೂ ಗೊತ್ತಿರುವ ಕಟ್ಟು. ಗೋಡೆಯ ಮೇಲೆ ಅದರದೊಂದು ದೊಡ್ಡ ನಕ್ಷೆ ಅಂಟಿಸಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ಬಳ್ಳಾರಿ ಎಂದು ಬರೆದಿತ್ತು. ಕೂಡಿಸಿ ಕೂಡಿಸಿ ಓದಿಕೊಂಡೆ. ನನ್ನ ಊರಿನ ಹೆಸರು, ನಾನೂ ದಿನಾ ಹಾಕುವ ಕುಣಿಕೆ, ಆ ಗೋಡೆಯ ಮೇಲೆ ಎಲ್ಲ ಇತ್ತು. ನಾನು ಮಾತ್ರ ಇರಲಿಲ್ಲ. ಆವತ್ತು ಕಾಫಿಯ ಜೊತೆ ಕೊಟ್ಟ ದಾಲ್ಚಿನ್ನಿ ಬನ್ನನ್ನು ಮುಟ್ಟಲಿಲ್ಲ.

ಒಂಬತ್ತನೆಯ ದಿನ

ಪರೀಕ್ಷೆಯ ಹಿಂದಿನ ದಿನ ಹೊದಿಕೆ ಮುಗಿಯಿತು. ಒಂದು ಮೂಲೆ ಮಾತ್ರ ಉಳಿದಿತ್ತು. ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಹೊಸ ತಾಡಪತ್ರಿಯ ಕಡೆಯ ಮೂಲೆಯನ್ನು ಹೊಲಿದವನೇ ಮುಚ್ಚಬಾರದು, ಬೇರೆಯವನ ಕೈಯಿಂದ ಮುಚ್ಚಿಸಬೇಕು. ಮುಚ್ಚುವಾಗ ಹೊಲಿದವನು ಮುಖ ಆ ಕಡೆ ತಿರುಗಿಸಿರಬೇಕು. ತನ್ನ ಕೆಲಸದ ಮೇಲೆ ತನ್ನ ಕಣ್ಣೇ ಮೊದಲು ಬೀಳುತ್ತದೆ ಎಂದು ಉಸ್ತಾದ್ ಹೇಳುತ್ತಿದ್ದರು.

"ಮೂರು ವರ್ಷ ಎಲ್ಲಾ ಮೂಲೀನೂ ನಾನ ಮುಚ್ಚೀನಿ" ಎಂದ ಖಾಸಿಂ. "ಮನಸಿಗೆ ಬರತಿದ್ದಿಲ್ಲ. ಇದನ್ನ ನೀ ಮುಚ್ಚಲೇ." ಹೇಳಿ ಕಿಟಕಿಯ ಕಡೆ ತಿರುಗಿ ಸಮುದ್ರ ನೋಡುತ್ತಾ ನಿಂತ.

ನಾನು ತೊಗಲು ಕಟ್ಟಿಕೊಂಡು ಕೂತೆ. ಮೇಣ ಸವರಿದ ದಾರ, ಜೋಡಿ ಹೊಲಿಗೆ. ಅಂಚು ಮಡಚುವ ಮುಂಚೆ ನನ್ನ ಎಡಗೈ ಸೂಜಿ ಡಬ್ಬಿಗೆ ಹೋಗಿ, ಎತ್ತಿನ ಲಾಳದ ಒಂದು ಹಳೆಯ ಮೊಳೆ ತೆಗೆದು ಮಡಿಕೆಯೊಳಗೆ ಇಟ್ಟಿತು. ಅದನ್ನು ದೃಷ್ಟಿ ಮೊಳೆ ಅನ್ನುತ್ತೇವೆ. ಹೊಟ್ಟೆಕಿಚ್ಚಿನ ಕಣ್ಣು ಬಟ್ಟೆಗೆ ತಾಗದೆ ಕಬ್ಬಿಣಕ್ಕೆ ತಾಗಲಿ ಎಂದು ಪ್ರತಿ ಲಾರಿಯ ಹೊದಿಕೆಯಲ್ಲೂ ಒಂದು ಇಡುವುದು ವಾಡಿಕೆ. ಸಾವಿರ ಸಲ ಮಾಡಿದ ಕೆಲಸ, ತಲೆಯನ್ನು ಕೇಳದೆ ಕೈ ತಾನೇ ಮಾಡಿಬಿಟ್ಟಿತು. ಖಾಸಿಂ ತಿರುಗಿ ಬಂದು ಹೊಲಿಗೆಯ ಮೇಲೆ ಬೆರಳಾಡಿಸಿ, "ನಿನ್ನ ಕೈ ನಿನ್ನದ ಬಿಡಪಾ" ಎಂದ. ನನಗೆ ಹಿತವಾಯಿತು.

ಹಡಗಿನ ಮೇಲೆ

ಹಡಗು ನೌಕಾಪಡೆಯದಲ್ಲ, ಹೆಲಿಕಾಪ್ಟರ್ ಮಾಡುವ ಕಂಪನಿಯವರು ಪರೀಕ್ಷೆಗೆಂದು ಬಾಡಿಗೆಗೆ ಹಿಡಿದ ಒಂದು ಹಳೆಯ ಸರಕು ಹಡಗು. ಹಿಂಭಾಗವನ್ನು ಚಪ್ಪಟೆ ಮಾಡಿ ಜಾಲರಿ ಕೂಡಿಸಿದ್ದರು. ಬೆಳಿಗ್ಗೆ ಎಂಟಕ್ಕೆ ಹತ್ತಿದೆವು. ನನಗೂ ಒಂದು ಕಿತ್ತಳೆ ಜಾಕೀಟು ಕೊಟ್ಟರು. ಅದನ್ನು ತೊಟ್ಟು ಕನ್ನಡಿ ಸಿಗುತ್ತದೇನೋ ಎಂದು ಹುಡುಕಿದೆ.

ನಿಜವಾದ ಹೆಲಿಕಾಪ್ಟರು ರೆಕ್ಕೆಗಳನ್ನು ಹಿಂದಕ್ಕೆ ಮಡಚಿಕೊಂಡು ನಮ್ಮ ಹೊದಿಕೆಯೊಳಗೆ ಕೂತಿತ್ತು. ಬಿಚ್ಚುವ ಮುಂಚೆ ಒಂದು ವಿಚಿತ್ರ ನಡೆಯಿತು. ಹಡಗಿನಲ್ಲಿದ್ದ ಎಲ್ಲರೂ ಬಂದು ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರು. ಕ್ಯಾಪ್ಟನ್, ನೌಕಾಪಡೆಯ ಅಧಿಕಾರಿ, ಇಂಜಿನಿಯರು, ಅಡುಗೆಯವನು, ಇಂಗ್ರಿಡ್ ಎಲ್ಲ. ಆಮೇಲೆ ತಲೆ ಬಗ್ಗಿಸಿ, ಕಳೆದುಹೋದ ಮೂಗುತಿ ಹುಡುಕುವವರ ಹಾಗೆ, ಒಂದೊಂದೇ ಹೆಜ್ಜೆ ಇಡುತ್ತಾ ಈ ತುದಿಯಿಂದ ಆ ತುದಿಗೆ ನಡೆದರು. ನಾನೂ ನಡೆದೆ. ಅಧಿಕಾರಿ ಬಗ್ಗಿ ಸಾಸಿವೆಯಷ್ಟು ಬಣ್ಣದ ಚಕ್ಕೆ ಎತ್ತಿ ಚೀಲಕ್ಕೆ ಹಾಕಿಕೊಂಡ. ಇಂಗ್ರಿಡ್‌ಗೆ ಒಂದು ಎಳೆ ದಾರ ಸಿಕ್ಕಿತು.

"ಏನ್ ಹುಡುಕ್ತಾರಲೇ ಇವರು?" ಎಂದೆ.

"ಏನೂ ಇರಬಾರದು ಅಂತ ಹುಡುಕ್ತಾರ" ಎಂದ ಖಾಸಿಂ. "ರೆಕ್ಕಿ ತಿರಗಾಕ ಹತ್ತಿದ್ರ ಗಾಳಿಗೆ ಎಲ್ಲಾ ಮ್ಯಾಲೆ ಏಳತೈತಿ. ಒಂದು ಸಣ್ಣ ತಿರುಪು ಇಂಜಿನ್ನಿನ ಬಾಯಾಗ ಹೋದ್ರ ಮುಗೀತು. ಇಲ್ಲಾ ಯಾರ್ದರ ಕಣ್ಣಿಗೆ ಗುಂಡಿನಂಗ ಬಡಿತೈತಿ."

ಆಗ ನನಗೆ ಆ ಮೊಳೆ ನೆನಪಾಯಿತು.

ಸುಮ್ಮನಿದ್ದುಬಿಡಬಹುದಿತ್ತು. ಜೋಡಿ ಹೊಲಿಗೆ, ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಬಿಚ್ಚಿದರೂ ಹೊದಿಕೆ ಖಾಸಿಂನದು, ಹೆಸರು ಅವನದು. ಅವನು ನನ್ನ ಜೊತೆ ಒಂದೇ ವಿಮಾನದಲ್ಲಿ ಬಳ್ಳಾರಿಗೆ ಬರುತ್ತಾನೆ. ಇದೇ ಅಲ್ಲವೇ ನಾನು ಆವತ್ತಿನಿಂದ ಬಯಸಿದ್ದು? ಸಾಲು ಹಡಗಿನ ಆ ತುದಿ ಮುಟ್ಟುವವರೆಗೂ ಈ ಲೆಕ್ಕವನ್ನೇ ಹಾಕಿದೆ. ಇಷ್ಟಕ್ಕೂ ಆ ಮೊಳೆ ಹಾಕಿದ್ದು ಯಾರ ದೃಷ್ಟಿ ತಾಗಬಾರದೆಂದು? ಆ ಹಡಗಿನಲ್ಲಿ ಖಾಸಿಂನ ಮೇಲೆ ಕಣ್ಣು ಹಾಕಿದವನು ನಾನೊಬ್ಬನೇ ಇದ್ದೆ.

"ಖಾಸಿಂ" ಎಂದೆ. "ಕಡೀ ಮೂಲ್ಯಾಗ ಮೊಳಿ ಐತಿ."

"ಯಾವ ಮೊಳಿ?"

"ದೃಷ್ಟಿ ಮೊಳಿ. ಹಾಕಬೇಕಂತ ಹಾಕಿಲ್ಲಪಾ, ಕೈ ಹಾಕೇಬಿಡ್ತು."

ಅವನು ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ಕೈ ಮೇಲೆತ್ತಿ ನಿಂತ. ಅಲ್ಲಿ ಯಾರೇ ಕೈ ಎತ್ತಿದರೂ ಎಲ್ಲ ನಿಲ್ಲಬೇಕು. ಎಲ್ಲ ನಿಂತಿತು. ಇಂಗ್ರಿಡ್ ಬಂದಳು, ಅಧಿಕಾರಿ ಬಂದ, ಮೂಲೆ ಬಿಚ್ಚಿದರು. ಸವೆದು ಹೊಳೆಯುತ್ತಿದ್ದ ಆ ಮೊಳೆಯನ್ನು ಅಧಿಕಾರಿ ಅಂಗೈಯಲ್ಲಿಟ್ಟುಕೊಂಡು ಏನೋ ಕೇಳಿದ. ಯಾರು ಹಾಕಿದರು ಎಂದು ಕೇಳುತ್ತಿದ್ದಾನೆಂದು ತಿಳಿಯಲು ಭಾಷೆ ಬೇಕಿರಲಿಲ್ಲ.

"ನಾನ ಹಾಕಿದ್ದು ಅಂತ ಹೇಳಲೇ" ಎಂದೆ ಖಾಸಿಂಗೆ.

ಅವನು ಅವರ ಭಾಷೆಯಲ್ಲಿ ನಿಧಾನವಾಗಿ ಏನೋ ಹೇಳಿದ. ಇಂಗ್ರಿಡ್ ಅವನನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಮೊದಲಿನ ವಿಶ್ವಾಸ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈಗಳಿಂದ ನನ್ನ ಕೈ ಹಿಡಿದು ಕುಲುಕಿದಳು. ಅಧಿಕಾರಿಯೂ ಕುಲುಕಿದ.

"ಏನ್ ಹೇಳಿದಿ ನೀನು?"

"ನೀ ಹೇಳಿದ್ದ ಹೇಳಿದೆ."

"ಸುಳ್ಳು ಬೊಗಳಬ್ಯಾಡ. ಮೊಳಿ ಹಾಕಿದಂವಗ ಯಾರರ ಕೈ ಕುಲುಕ್ತಾರೇನು?"

"ಸುಮ್ನಿರಲೇ. ಮಂದಿ ನೋಡ್ತಾರ."

ನಾನು ಮೊಳೆಯನ್ನು ತೋರಿಸಿ, ನನ್ನ ಎದೆ ಬಡಿದುಕೊಂಡೆ. ಮತ್ತೆ ಮೊಳೆ, ಮತ್ತೆ ಎದೆ. ಮೊಳೆ ಕಂಡುಹಿಡಿದದ್ದು ನಾನೇ ಎಂದು ಜಂಬ ಕೊಚ್ಚುತ್ತಿದ್ದೇನೆ ಎಂದುಕೊಂಡ ಅಡುಗೆಯವನು ನಗುತ್ತಾ ನನ್ನ ಬೆನ್ನು ತಟ್ಟಿದ. ಆ ಹಡಗಿನ ಮೇಲೆ ನನಗಿದ್ದ ನಾಲಿಗೆ ಖಾಸಿಂ ಒಬ್ಬನೇ. ಅವನು ಮೊಳೆ ಹಾಕಿದ್ದು ತಾನು, ಕಂಡುಹಿಡಿದದ್ದು ನಾನು ಎಂದು ಸುಳ್ಳು ಹೇಳಿ ಬಾಯಿ ಮುಚ್ಚಿಕೊಂಡಿದ್ದ.

ಮೂಲೆಯನ್ನು ಅಲ್ಲೇ ಗಾಳಿಯಲ್ಲಿ ಕೂತು ಮತ್ತೆ ಹೊಲಿದೆ. ಆರು ಜನ ಸುತ್ತ ನಿಂತು ನನ್ನ ಕೈಗಳನ್ನೇ ನೋಡಿದರು. ಅಧಿಕಾರಿ ಡಬ್ಬಿಯಲ್ಲಿದ್ದ ಸೂಜಿಗಳನ್ನು ಹೊಲಿಯುವ ಮುಂಚೆಯೂ ಎಣಿಸಿದ, ಆಮೇಲೂ ಎಣಿಸಿದ. ಬಂದರು ಬಿಟ್ಟು ಒಳ್ಳೆಯ ಅಲೆಯಿರುವ ಕಡೆ ಹೋದಾಗ ನಾವಿಕನೊಬ್ಬ ದಪ್ಪ ಕೈಗವಸಿನ ಕೈಯಿಂದ ಕೊನೆಯ ಕುಣಿಕೆ ಎಳೆದ. ಇಡೀ ಸಾಲು ಸರ್ರನೆ ಬಿಚ್ಚಿತು. ಹೊದಿಕೆ ಕೆಳಗಿಳಿದಾಗ ಎಣಿಕೆ ಹತ್ತೊಂಬತ್ತು. ರೆಕ್ಕೆ ಬಿಡಿಸಿಕೊಂಡು ಹೆಲಿಕಾಪ್ಟರು ಎದ್ದಿತು. ಒಳಗೆ ಯಾರೂ ಇಲ್ಲದ ಅದು ದೂರ ಹೋಗಿ ಚುಕ್ಕಿಯಾಗಿ ಮಾಯವಾಯಿತು. ತಿರುಗಿ ಬಂದು ನಮ್ಮ ನೆತ್ತಿಯ ಮೇಲೆ ನಿಂತು, ಹಡಗು ಎದ್ದು ಬಿದ್ದು ಮಾಡುವುದನ್ನು ನೋಡುತ್ತಾ ಕಾಯಿತು. ಹಡಗು ಒಮ್ಮೆ ಸಮವಾದಾಗ ಮೆಲ್ಲಗೆ ಕೂತು ಜಾಲರಿ ಕಚ್ಚಿತು. ಎಲ್ಲರೂ ಚಪ್ಪಾಳೆ ಹೊಡೆದರು. ಖಾಸಿಂ ಒಂದು ಪಕ್ಕದಲ್ಲಿ ಹೊದಿಕೆ ಮಡಚುತ್ತಿದ್ದ. ಯಾರೂ ಅವನ ಹತ್ತಿರ ಹೋಗಲಿಲ್ಲ.

ಮತ್ತೆ ಸ್ಟೇಷನ್ನು

ಹೊದಿಕೆ ಪಾಸಾಗಿತ್ತು, ಹೊಲಿದವನು ಆಗಿರಲಿಲ್ಲ. ನಾನು ಹೊರಡುವ ದಿನ ಸ್ಟೇಷನ್ನಿನಲ್ಲಿ ಖಾಸಿಂ ಹೇಳಿದ. ಹಾರುವ ಯಂತ್ರದ ಸಾಮಾನಿನಲ್ಲಿ ಬೇರೆ ವಸ್ತು ಇಟ್ಟವನಿಗೆ ಮತ್ತೆ ಆ ಕೆಲಸ ಕೊಡುವಂತಿಲ್ಲವಂತೆ. ಆ ಕೆಲಸವಿಲ್ಲದಿದ್ದರೆ ಕಾಗದವೂ ಮುಂದಕ್ಕೆ ಹೋಗುವುದಿಲ್ಲ.

"ನಿನಗ ಪತ್ರ ಬರ್ತೈತಿ. ಕರಿಯಾಕ ಹತ್ಯಾರ" ಎಂದ. "ನನ್ನ ಮನಿ ನೀನ ಹಿಡಿ. ಬಿಸಿಲು ಚೊಲೋ ಬೀಳ್ತೈತಿ."

"ಯಾಕಲೇ ಹಿಂಗ ಮಾಡಿದಿ?"

ಅವನು ಸೈಕಲ್ಲಿನ ಗಂಟೆಯನ್ನು ಸುಮ್ಮನೆ ತಡವುತ್ತಿದ್ದ. "ಲಾರ್ಸ್ ಮೊದ್ಲು ನಿನ್ನ ಕೇಳಿದ್ದ. ನೀ ಸುಮ್ನ ನಕ್ಕಿ, ನಾ ನಡುವ ಬಾಯಿ ಹಾಕಿದೆ. ಒಂದು ದಿನ ತಡದಿದ್ರ ನೀನೂ ಹೂಂ ಅಂತಿದ್ದೀ. ನಿನ್ನ ಜಾಗದಾಗ ಕುಂತೀನಿ ಅಂತ ಮೂರು ವರ್ಷದಿಂದ ನನಗ ಸಮಾಧಾನ ಇಲ್ಲ."

ರೈಲು ಬಂತು. ಅವನ ಕೆಲಸ, ಅವನ ಊರು, ಅವನ ಜಾಕೀಟು ಇವಕ್ಕೆಲ್ಲ ಹೊಟ್ಟೆಕಿಚ್ಚುಪಟ್ಟದ್ದು ಸಾಲದೆಂದು, ಈಗ ಅವನ ಒಳ್ಳೆಯತನಕ್ಕೂ ಹೊಟ್ಟೆಕಿಚ್ಚುಪಡುವ ಪಾಳಿ ನನ್ನದಾಯಿತು. ಮುಂದಿನ ಅರ್ಧದಲ್ಲಿ ಕೂತು, ಅದೂ ನನಗೆ ಬರಬಾರದಿತ್ತೇ ಎಂದು ಉರಿದುಕೊಂಡೆ.

ಗಾಂಧಿನಗರ

ಇಂಗ್ರಿಡ್ ಬರೆದ ಪತ್ರ ತಿಂಗಳೊಪ್ಪತ್ತಿನಲ್ಲಿ ಬಂತು. ನಮ್ಮ ಬಳ್ಳಾರಿಯ ಗಾಂಧಿನಗರದಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಸುಬ್ಬರಾಯರಿದ್ದಾರೆ. ಓದಿಸಿದೆ. ಕೆಲಸ, ಸಂಬಳ, ಮನೆ ಎಲ್ಲ ಇತ್ತು. ನಾನು ಅವರಿಗೆ ನಡೆದದ್ದನ್ನೆಲ್ಲ ಹೇಳಿ, ಮೊಳೆ ಹಾಕಿದ್ದು ನಾನು, ಖಾಸಿಂ ಅಲ್ಲ, ಎಂದು ಉತ್ತರ ಬರೆದುಕೊಡಿ ಎಂದೆ.

"ಏಮಯ್ಯಾ, ಕೆಲಸ ಕೊಡ್ತೀವಿ ಅಂದೋರಿಗೆ ಯಾರಾದ್ರೂ ಹಿಂಗ ಬರೀತಾರೇನು?" ಎಂದು ಗದರಿದರು. ಆದರೂ ಬರೆದುಕೊಟ್ಟರು.

ನನಗೆ ಅನುಮಾನ. ಭಾಷೆ ಬಾರದವನ ಬಾಯಿಗೆ ಬೇರೆಯವರು ಏನು ಬೇಕಾದರೂ ತುಂಬಬಹುದೆಂದು ಹಡಗಿನ ಮೇಲೆ ಕಲಿತಿದ್ದೆ. ಪತ್ರವನ್ನು ಕೋರ್ಟಿನ ಮುಂದೆ ಟೈಪ್ ಮಾಡುವ ಹುಸೇನಪ್ಪನ ಹತ್ತಿರ ಒಯ್ದು ಕನ್ನಡದಲ್ಲಿ ಹೇಳಿಸಿದೆ. ಮೇಷ್ಟ್ರು ಬರೆದದ್ದು ಹೀಗಿತ್ತು: ಮೊಳೆ ಹೇಗೋ ಸೇರಿಕೊಂಡಿತ್ತು, ಅದರಲ್ಲಿ ಯಾರ ತಪ್ಪೂ ಇಲ್ಲ, ಕೆಲಸಕ್ಕೆ ಬರಲು ನನಗೆ ಬಹಳ ಸಂತೋಷ.

ಹುಸೇನಪ್ಪನಿಗೆ ಹೊಸದಾಗಿ ಟೈಪ್ ಮಾಡಲು ಹೇಳಿದೆ. ಅವನು ಮಿಷನ್ನಿಗೆ ಹಾಳೆ ಏರಿಸಿ, "ಅಣ್ಣಾ, ಮರವಿನಿಂದ ಆತು ಅಂತಾದ್ರೂ ಸೇರಸ್ಲೇನು? ಪಾಪ, ನಿನಗೂ ಮಕ್ಕಳದಾವ" ಎಂದ. ಏನೂ ಸೇರಿಸಬೇಡ ಎಂದೆ. ಅವನು ಟೈಪ್ ಮಾಡಿದ ಹಾಳೆಯನ್ನು ಪಕ್ಕದ ಝೆರಾಕ್ಸ್ ಅಂಗಡಿಯ ಹುಡುಗಿಯಿಂದ ಓದಿಸಿದೆ. ಮೂರೇ ಸಾಲು. ಮೊಳೆ ಹಾಕಿದವನು ನಾನು. ಖಾಸಿಂ ಮುಖ ತಿರುಗಿಸಿದ್ದ, ಅವನಿಗೆ ಗೊತ್ತಿರಲಿಲ್ಲ. ಹಡಗಿನ ಮೇಲೆ ಅವನು ನಿಮಗೆ ಹೇಳಿದ್ದು ಸುಳ್ಳು. ಆ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಹಾಳೆ ವಾಪಸ್ ಕೊಟ್ಟಳು. ಸಹಿ ಹಾಕಿ, ದೊಡ್ಡ ಅಂಚೆ ಕಚೇರಿಗೆ ಹೋಗಿ ಹಾಕಿ ಬಂದೆ.

ಮೊನ್ನೆ ಮಧ್ಯಾಹ್ನ ಖಾಸಿಂ ಫೋನ್ ಮಾಡಿದ. ಈ ಸಲ ಪಿಸುಗುಟ್ಟಲಿಲ್ಲ. "ಯಾಕ ಬರದಿ? ಯಾರು ಬರಿ ಅಂದ್ರು ನಿನಗ?" ಎಂದು ಕೂಗಾಡಿದ. ಸುಳ್ಳು ಹೇಳಿದ್ದಕ್ಕೆ ಇಂಗ್ರಿಡ್ ಅರ್ಧ ದಿನ ಬೈದಳಂತೆ. ಬೈದು ಮುಗಿಸಿ ಕಾಗದಕ್ಕೆ ಸಹಿ ಹಾಕಿದಳಂತೆ. ಎರಡು ವರ್ಷ ಮುಂದಕ್ಕೆ ಹೋಯಿತು. ಸೋಮವಾರದಿಂದ ಮತ್ತೆ ಹಡಗಿನ ಕೆಲಸ. ನನ್ನ ವಿಷಯ ಅವಳು ಎತ್ತಲಿಲ್ಲವಂತೆ.

"ಚೊಲೋ ಆತು ಬಿಡು" ಎಂದೆ.

ಫೋನಿಟ್ಟು ಅಂಗಡಿಯ ಹಿಂದೆ ಹೋಗಿ ತಾಡಪತ್ರಿಯ ಸುರುಳಿಗಳ ನಡುವೆ ಕೂತು ಅತ್ತೆ. ಗೆಳೆಯನ ಕೆಲಸ ಉಳಿಯಿತೆಂಬ ಖುಷಿಗೆ ಅತ್ತೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಹಾಗಲ್ಲ. ಮೂರು ಜನರ ಕೈಯಲ್ಲಿ ಓದಿಸಿ, ಒಂದಕ್ಷರ ಆಚೀಚೆ ಆಗದಂತೆ ಕಾದು, ಆ ಜಾಗವನ್ನು ನಾನೇ ಅವನಿಗೆ ಬಿಟ್ಟುಕೊಟ್ಟಿದ್ದೆ. ಆದರೂ ಸೋಮವಾರ ಅವನು ಹಡಗು ಹತ್ತುತ್ತಾನಲ್ಲ, ನಾನು ಹತ್ತುವುದಿಲ್ಲವಲ್ಲ ಎಂದು ಅತ್ತೆ.